ಅರ್ಧ ಹಾಡಿನ ನಕಲು

2023ರ ಸೆಪ್ಟೆಂಬರ್ 11, ಸೋಮವಾರ, ಬೆಳಿಗ್ಗೆ 10.20. ಸತೀಶ್ ಕುಮಾರ್ ಕುನ್ನತ್ತೂರು ಠಾಣೆಗೆ ಬಂದು ಲಿಖಿತ ದೂರು ಕೊಟ್ಟ. ಅವನು ಗಣಪತಿ ಎಂಬ ಬಡಾವಣೆಯ ಸಣ್ಣದೊಂದು ಧ್ವನಿಮುದ್ರಣ ಕಂಪನಿಯ ಮ್ಯಾನೇಜರ್. ಈ ತಮಿಳು ಸೀಮೆಯ ಕನ್ನಡದ ಮನೆಗಳ ಮದುವೆ ಹಾಡುಗಳನ್ನು ಪೆನ್‌ಡ್ರೈವ್‌ಗೆ ತುಂಬಿ ಆ ಕಂಪನಿ ಮುನ್ನೂರೈವತ್ತು ರೂಪಾಯಿಗೆ ಮಾರುತ್ತಿತ್ತು. ಬಸ್ ನಿಲ್ದಾಣದ ಎದುರು ಸೆಂದಿಲ್‌ನ ಮೊಬೈಲ್ ಅಂಗಡಿಯಲ್ಲಿ ಅದರ ನಕಲು ನಲವತ್ತಕ್ಕೆ ಸಿಗುತ್ತಿತ್ತು.

"ಪರಿಹಾರ ಬೇಕು ಮೇಡಂ. ವ್ಯಾನ್ ಓಡಿಸೋ ತಿರುಮೂರ್ತಿ ಮೇಲೂ ಕೇಸ್ ಹಾಕಿ. ನಮ್ಮ ಪೆನ್‌ಡ್ರೈವ್ ಒಂದು ತಗೊಂಡು ಎರಡು ಮಾಡ್ಕೊಂಡಿದಾನೆ."

"ದುಡ್ಡು ಕೊಟ್ಟು ತಗೊಂಡ್ನಾ?" ಸಬ್‌ಇನ್‌ಸ್ಪೆಕ್ಟರ್ ಜನನಿ ಕೇಳಿದಳು.

"ಕೊಟ್ಟ."

"ಇನ್ನೊಂದನ್ನ ಮಾರಿದ್ನಾ?"

"ಇಲ್ಲ. ವ್ಯಾನಲ್ಲಿ ಹಾಕ್ಕೊಂಡು ಕೇಳ್ತಾನೆ."

"ಕೊಂಡಿದ್ದನ್ನ ತಾನು ಕೇಳೋಕೆ ನಕಲು ಮಾಡ್ಕೊಂಡ್ರೆ ಅಪರಾಧ ಅಲ್ಲ ಸಾರ್. ಪರಿಹಾರ ಕೋರ್ಟಲ್ಲಿ ಕೇಳಿ. ಮಾರಾಟ ಮಾತ್ರ ನನ್ನ ಕೆಲಸ."

ಕೃತಿಸ್ವಾಮ್ಯ ಕಾಯ್ದೆ ಕಲಂ 63ರ ಅಡಿ ಎಫ್‌ಐಆರ್ ದಾಖಲಾಯಿತು. 12.05ಕ್ಕೆ ಜನನಿ ಮತ್ತು ಹೆಡ್ ಕಾನ್‌ಸ್ಟೆಬಲ್ ರಾಜಾಮಣಿ ಇಬ್ಬರು ಪಂಚರ ಎದುರು ಅಂಗಡಿ ತಪಾಸಣೆ ಮಾಡಿ ಇಪ್ಪತ್ತಾರು ಮೆಮೊರಿ ಕಾರ್ಡ್ ವಶಪಡಿಸಿಕೊಂಡು ಪಂಚನಾಮೆ ಬರೆದರು.

"ಯಾರು ಕೊಟ್ಟಿದ್ದು?"

"ಗೊತ್ತಿಲ್ಲ ಮೇಡಂ. ಟೌನ್ ಬಸ್ ಕಂಡಕ್ಟರ್ ಕೈಲಿ ಒಂದು ಕಾರ್ಡ್ ಬಂತು. ಜೊತೆಗೊಂದು ಚೀಟಿ. ಮಾರು, ದುಡ್ಡು ನೀನೇ ಇಟ್ಕೋ ಅಂತಿತ್ತು." ಸೆಂದಿಲ್ ಬೆವರುತ್ತಿದ್ದ. "ಬಿಟ್ಟಿ ಬಂದಿದ್ದನ್ನ ಯಾರು ಬಿಡ್ತಾರೆ?"

"ಒಳ್ಳೆ ದಾನಿ," ರಾಜಾಮಣಿ ನಕ್ಕ.

ಠಾಣೆಯಲ್ಲಿ ಜನನಿ ಅಸಲು, ನಕಲು ಎರಡನ್ನೂ ಹಾಕಿ ಕೇಳಿದಳು. ಅಸಲಿನಲ್ಲಿ ಮೊದಲ ಹಾಡು ಆರು ನಿಮಿಷ, ನಕಲಿನಲ್ಲಿ ಮೂರು. ರಾಜಾಮಣಿಗೆ ಕನ್ನಡ ಬಾರದು. ಕಾರ್ಡ್ ಕೆಟ್ಟಿರಬೇಕು ಎಂದ. ಜನನಿಯದು ಕನ್ನಡದ ಮನೆ. ಅವಳಿಗೆ ಲಿಪಿ ಬಾರದಿದ್ದರೂ ಹಾಡುವ ಪದ್ಧತಿ ಗೊತ್ತಿತ್ತು. ಒಬ್ಬಳು ಸೊಲ್ಲು ಎತ್ತುತ್ತಾಳೆ, ಇನ್ನೊಬ್ಬಳು ಅದೇ ಸೊಲ್ಲನ್ನು ತಿರುಗಿ ಹೇಳುತ್ತಾಳೆ. ನಕಲಿನಲ್ಲಿ ಎತ್ತುವವಳು ಇರಲಿಲ್ಲ. ಹನ್ನೆರಡು ಹಾಡುಗಳಲ್ಲೂ ಅವಳನ್ನು ಕತ್ತರಿಸಿ ತೆಗೆಯಲಾಗಿತ್ತು.

ದುಡ್ಡಿಗಾಗಿ ಕದಿಯುವವನು ಪೂರ್ತಿ ಕದಿಯುತ್ತಾನೆ.

ಅಸಲಿನ ಹೊದಿಕೆಯ ಮೇಲೆ ರೇಷ್ಮೆ ಸೀರೆಯ ಹೆಂಗಸೊಬ್ಬಳ ಫೋಟೊ, ಕೆಳಗೆ ತಮಿಳಿನಲ್ಲಿ ಒಂದೇ ಹೆಸರು: ತಂಗಮ್ಮ. ಜನನಿ ಅದನ್ನು ನೋಡುತ್ತ ಕುಳಿತಳು. ಹೋದ ತಿಂಗಳು ಸರಗಳ್ಳರನ್ನು ಹಿಡಿದದ್ದು ಅವಳು, ಪೇಪರಿನಲ್ಲಿ ಫೋಟೊ ಬಂದದ್ದು ಇನ್‌ಸ್ಪೆಕ್ಟರದ್ದು. ಆ ಪೇಪರನ್ನು ಅವಳು ಇನ್ನೂ ಬಿಸಾಡಿರಲಿಲ್ಲ.

ಸತೀಶ್ ಕುಮಾರ್‌ಗೆ ಫೋನ್ ಮಾಡಿದಳು. "ತಿರುಗಿ ಹೇಳಿದವಳು ಯಾರು?"

"ಅದಾ... ತಂಗಮ್ಮನ ಓರಗಿತ್ತಿ. ನಾಚಿಯಮ್ಮ ಅಂತಲೋ ಏನೋ. ಹಿಂದೆ ಹಾಡೋರ ಹೆಸರು ಹಾಕಲ್ಲ ಮೇಡಂ."

ಮಧ್ಯಾಹ್ನ 3.40. ಊರ ಹೊರಗೆ ಒಂದೇ ಅಂಗಳದ ಎರಡು ಮನೆಗಳು. ನಾಚಿಯಮ್ಮ ಜಗಲಿಯಲ್ಲಿ ಕಡಲೆಕಾಯಿ ಬಿಡಿಸುತ್ತಿದ್ದಳು. ಐವತ್ತೈದರ ಆಸುಪಾಸು. ಜನನಿ ಕನ್ನಡದಲ್ಲೇ ಕೇಳಿದಳು.

"ಹಾಡು ಕತ್ತರಿಸಿದ್ದು ನೀವೇನಾ ಅಕ್ಕಾ?"

"ನಾನೇ. ಫೋನಲ್ಲಿ. ಮಗಳು ಕಲಿಸಿಕೊಟ್ಲು, ಯಾಕಂತ ಅವಳಿಗೆ ಗೊತ್ತಿಲ್ಲ. ಮುನ್ನೂರೈವತ್ತು ಕೊಟ್ಟು ತಗೊಂಡಿದೀನಿ ಅಮ್ಮಣಿ. ನನ್ ಸಾಮಾನು, ನಾನು ಕತ್ತರಿಸ್ದೆ."

"ಮನೇಲಿ ಕೇಳ್ಕೊಂಡಿದ್ರೆ ಯಾರೂ ಏನೂ ಅಂತಿರಲಿಲ್ಲ. ಅಂಗಡಿಗೆ ಯಾಕೆ ಕಳಿಸಿದ್ರಿ?"

"ಮನೇಲಿ ನನ್ ದನಿ ನಾನು ಕೇಳಿ ಏನ್ ಮಾಡ್ಲಿ?" ಅವಳು ಸಿಪ್ಪೆ ಕೊಡವಿದಳು. "ಇಪ್ಪತ್ತೆರಡು ವರ್ಷ ಅವಳ ಪಕ್ಕದಲ್ಲಿ ನಿಂತೆ. ಸೊಲ್ಲು ಮರೆತರೆ ಕಿವೀಲಿ ಹೇಳಿಕೊಟ್ಟೆ. ಈಗ ಕಾರು ಬರುತ್ತೆ, ಅವಳೊಬ್ಳನ್ನೇ ಕರ್ಕೊಂಡ್ ಹೋಗುತ್ತೆ. ವೈಕಾಸಿ ತಿಂಗಳಲ್ಲಿ ನಾದಿನಿ ಮಗಳ ಕಲ್ಯಾಣ. ಸ್ಪೀಕರ್ ಪೆಟ್ಟಿಗೇಲಿ ಹಾಡು ಹಾಕಿದ್ರು. ವಾಡಿಕೆ ಅಂತ ನಾನೂ ಬಾಯಿಬಿಟ್ಟೆ. ಸುಮ್ನಿರು, ತಂಗಮ್ಮನ ಹಾಡು ಕೇಳಬೇಕು ಅಂದ್ರು."

"ಇನ್ಮೇಲೆ ಕಳಿಸಲ್ಲ ಅಂತ ಬರ್ಕೊಡಿ. ಅರೆಸ್ಟ್ ಮಾಡ್ದೆ ನೋಟಿಸ್ ಕೊಟ್ಟು ಹೋಗ್ತೀನಿ."

"ಬರ್ಕೊಡಲ್ಲ. ನಾಳೆ ಉಕ್ಕಡಂ ಪೇಟೆ ಅಂಗಡಿಗಳಿಗೂ ಕಳಿಸ್ತೀನಿ."

ಜನನಿ ಇನ್ನೊಮ್ಮೆ ಕೇಳಿದಳು. ಅದೇ ಉತ್ತರ. ಫೋನ್ ವಶಪಡಿಸಿಕೊಂಡು, ಅಪರಾಧ ಮುಂದುವರಿಸುವ ಸಾಧ್ಯತೆ ಇದೆ ಎಂದು ಕಾರಣ ಬರೆದು, 4.25ಕ್ಕೆ ಬಂಧಿಸಿದಳು. ಜೊತೆಗೆ ಬಂದಿದ್ದ ಮಹಿಳಾ ಕಾನ್‌ಸ್ಟೆಬಲ್ ಅವಳನ್ನು ಜೀಪು ಹತ್ತಿಸಿದಳು. ಬಂಧನ ಪತ್ರದಲ್ಲಿ ಒಂದು ಕಾಲಂ ಉಳಿದಿತ್ತು.

"ಬಂಧನದ ವಿಷಯ ಯಾರಿಗೆ ತಿಳಿಸ್ಲಿ? ಮಗಳಿಗಾ?"

"ಬೇಡ. ತಂಗಮ್ಮನಿಗೆ. ಯಾಕಂತಲೂ ಹೇಳು."

ತಂಗಮ್ಮ ಪಕ್ಕದ ಮನೆಯ ಬಾಗಿಲಲ್ಲೇ ನಿಂತಿದ್ದಳು. ಜನನಿ ಹೇಳಿದ್ದನ್ನು ಪೂರ್ತಿ ಕೇಳಿಸಿಕೊಂಡು ರುಜು ಹಾಕಿದಳು. ಪೆನ್ನು ವಾಪಸ್ ಕೊಡಲಿಲ್ಲ.

"ಇಪ್ಪತ್ತಾರು ಕಾರ್ಡಲ್ಲೂ ಹಂಗೇನಾ? ನನ್ ದನಿ ಒಂದು ಸೊಲ್ಲೂ ಇಲ್ವಾ?"

"ಇಲ್ಲ."

"ಜನ ತಗೊಂಡ್ರಾ ಅದನ್ನ?"

"ತಗೊಂಡಿದಾರೆ."

ತಂಗಮ್ಮನ ಮುಖ ಬಿಗಿಯಿತು. ಜೀಪಿನಲ್ಲಿ ನಾಚಿಯಮ್ಮ ಸೆರಗು ಸರಿಮಾಡಿಕೊಂಡು ನೆಟ್ಟಗೆ ಕುಳಿತಳು.

ಕೇಸ್ ಡೈರಿಯಲ್ಲಿ ಪ್ರೇರಣೆ ಎಂಬಲ್ಲಿ ಜನನಿ ಬರೆದಳು: ಹಣವಲ್ಲ. ಹೋದ ತಿಂಗಳ ಆ ಪೇಪರನ್ನು ಒಮ್ಮೆ ತೆಗೆದು ನೋಡಿ, ಮುಂದಿನ ಪದ ಬರೆದಳು: ಹೊಟ್ಟೆಕಿಚ್ಚು.