ಆಮೆಗುರುವೂ ಕಪ್ಪು ಎಳೆಗಳ ಬಲೆಯೂ

ನಮ್ಮ ಅಜ್ಜಂದಿರ ಅಜ್ಜಂದಿರೂ ಹುಟ್ಟುವ ಮೊದಲು ರತ್ನಕೂಟ ಎಂಬ ರಾಜ್ಯವಿತ್ತು. ಅಲ್ಲಿ ನೀಲಾಂಬೆ ಎಂಬ ನೇಕಾರರ ಹುಡುಗಿ ತಮ್ಮ ಚಂದಯ್ಯನ ಜೊತೆ ಬದುಕುತ್ತಿದ್ದಳು. ಒಂದು ಬೆಳಿಗ್ಗೆ ಧೂಮ್ರನೇತ್ರನೆಂಬ ಮಾಂತ್ರಿಕ ಬಂದು ಚಂದಯ್ಯನೂ ಸೇರಿ ಊರಿನ ಹರೆಯದ ಗಂಡುಹುಡುಗರನ್ನೆಲ್ಲ ಹುಲಿಗಳನ್ನಾಗಿ ಮಾಡಿದ. ಅವರನ್ನು ಕಣಿವೆಗೆ ಅಟ್ಟಿ, ಅದರ ಬಾಯಿಗೆ ಕಪ್ಪು ಎಳೆಗಳ ಬಲೆ ಕಟ್ಟಿದ. ಮಾಯೆಗೂ ಒಂದು ಕಟ್ಟಳೆ ಇರುತ್ತದಲ್ಲ. ಮೂರನೆಯ ದಿನ ಹೊತ್ತು ಮುಳುಗುವುದರೊಳಗೆ ಬಲೆ ಬಿಚ್ಚಿದರೆ ಮಾಯೆ ಅಳಿಯುತ್ತದೆ, ಇಲ್ಲದಿದ್ದರೆ ಅವರು ಸಾಯುವವರೆಗೂ ಹುಲಿಗಳೇ. ಬಿಚ್ಚಲು ಹೋಗಿ ತಪ್ಪಿದವರ ಬೆರಳು ಕಲ್ಲಾಗುತ್ತದೆ, ಮೂರನೆಯ ಸಲ ತಪ್ಪಿದರೆ ಮೈಯೆಲ್ಲ ಕಲ್ಲು.

ಬಲೆ ಬಿಚ್ಚುವ ವಿದ್ಯೆ ಬಲ್ಲದ್ದು ಕೊಳದ ಮುದಿ ಆಮೆ ಒಂದೇ. ಮೂವರು ರಾಜರಿಗೆ ಪಾಠ ಹೇಳಿದ ಜಂಬ ಅದಕ್ಕೆ. ಮೊದಲ ದಿನ ಅದು ನಲವತ್ತು ಶ್ಲೋಕ ಹೇಳಿಕೊಟ್ಟಿತು. ಪಾಪ, ನೀಲಾಂಬೆ ಮಧ್ಯಾಹ್ನದೊಳಗೆ ಅಷ್ಟನ್ನೂ ಬಾಯಿಪಾಠ ಮಾಡಿದಳು. ಬಲೆಯ ಮುಂದೆ ನಿಂತಾಗ ಒಂದೂ ಕೈಗೆ ಬರಲಿಲ್ಲ. ಕಿರುಬೆರಳು ಕಲ್ಲಾಯಿತು.

ಎರಡನೆಯ ದಿನ ಆಮೆ ಬಲೆಯನ್ನು ಆಕಾಶಕ್ಕೆ ಹೋಲಿಸಿ, ನಕ್ಷತ್ರಗಳ ಲೆಕ್ಕದಲ್ಲಿ ವಿವರಿಸಿತು. ನೀಲಾಂಬೆ ಎಲ್ಲಕ್ಕೂ ತಲೆಯಾಡಿಸಿದಳು. ಉಂಗುರದ ಬೆರಳೂ ಕಲ್ಲಾಯಿತು. ಬಲೆಯಾಚೆ ನಿಂತ ಚಂದಯ್ಯ ಅವಳ ಗುರುತು ಹಿಡಿಯದೆ ಗುರುಗುಟ್ಟಿದ. ಅವಳಿಗೆ ಬೆರಳು ಹೋದದ್ದಕ್ಕಿಂತ ಅದೇ ಹೆಚ್ಚು ನೋವಾಯಿತು.

ಮೂರನೆಯ ದಿನ ಆಮೆ ಮತ್ತೆ ನಕ್ಷತ್ರದಿಂದಲೇ ಶುರುಮಾಡಿದಾಗ ಅವಳು ಅತ್ತುಬಿಟ್ಟಳು.

"ಗುರುಗಳೇ, ನನಗೆ ನಕ್ಷತ್ರ ಗೊತ್ತಿಲ್ಲ. ನಿನ್ನೆ ಸುಮ್ಮನೆ ತಲೆಯಾಡಿಸಿದೆ."

"ಮತ್ತೆ ಏನು ಗೊತ್ತು, ಮಗಳೇ?"

"ಮಗ್ಗ ಗೊತ್ತು. ಉದ್ದಕ್ಕೆ ಹಾಸು, ಅಡ್ಡಕ್ಕೆ ಹೊಕ್ಕು. ಎಲ್ಲಿ ಸಿಕ್ಕಾಗಿದೆ ಅಂತ ಬೆರಳಿಗೇ ತಿಳಿಯುತ್ತೆ."

ಆಮೆ ನಾಚಿಕೆಯಿಂದ ತಲೆಯನ್ನು ಚಿಪ್ಪಿನೊಳಗೆ ಎಳೆದುಕೊಂಡಿತು. ಆಮೇಲೆ ಹೊರಗೆ ಬಂದು, ಹೊಕ್ಕಿನ ಎಳೆಗಳನ್ನು ಮೇಲಿನಿಂದ ಕೆಳಕ್ಕೆ ಬಿಡಿಸು ಎಂದಿತು. ಎರಡು ದಿನದ ಪಾಠದ ಸಾರ ಅಷ್ಟೇ. ಓಡಲು ಎದ್ದವಳನ್ನು ಆಮೆ ತಡೆಯಿತು.

"ಎಳೆ ಹರಿದರೆ ಏನು ಮಾಡ್ತೀಯ?"

"ತಕ್ಷಣ ಗಂಟು ಹಾಕ್ತೀನಿ."

"ಅಲ್ಲೇ ನೀನು ಕಲ್ಲಾಗೋದು. ಕೊನೆಯ ಎಳೆ ತಾನಾಗಿ ಹರಿಯುತ್ತೆ. ಅದನ್ನು ಕಟ್ಟಬೇಡ."

ಅವಳು ಬಲೆ ಮುಟ್ಟಿದಾಗ ಸೂರ್ಯ ಗುಡ್ಡಕ್ಕೆ ತಾಗಿದ್ದ. ಒಂದೊಂದೇ ಎಳೆ ಸಡಿಲವಾಯಿತು. ಬಂಡೆಯ ಮೇಲೆ ನಗುತ್ತಿದ್ದ ಮಾಂತ್ರಿಕ ನಗು ನಿಲ್ಲಿಸಿದ. ಕೊನೆಯ ಎಳೆ ಪಟ್ಟನೆ ಹರಿಯಿತು. ಅವಳು ನೋಡುನೋಡುತ್ತಿದ್ದಂತೆ ಕೈ ಎರಡು ತುದಿಗಳನ್ನೂ ಹಿಡಿದು ಕುಣಿಕೆ ಮಾಡಿತ್ತು. ಹನ್ನೆರಡು ವರ್ಷದ ರೂಢಿ, ಬೇಡವೆಂದರೆ ಕೇಳೀತೇ? ನೀಲಾಂಬೆ ತನ್ನ ಮಣಿಕಟ್ಟನ್ನೇ ರಕ್ತ ಬರುವಂತೆ ಕಚ್ಚಿದಳು. ಬೆರಳು ಬಿಚ್ಚಿತು, ಎಳೆ ಬಿತ್ತು.

ಬಲೆ ಬೂದಿಯಾಯಿತು. ಮಾಂತ್ರಿಕ ಹೊಗೆಯಾಗಿ ಹೋದ. ಕಲ್ಲಾದ ಬೆರಳುಗಳಿಗೆ ಜೀವ ಬಂತು. ಹುಲಿಗಳೆಲ್ಲ ಮನುಷ್ಯರಾದರು. ಚಂದಯ್ಯ ಅವಳೆದುರು ಬಂದು ದಿಟ್ಟಿಸಿ ನೋಡುತ್ತ ನಿಂತ.

"ತುಂಬಾ ಹಸಿವು," ಎಂದ.

ನೀಲಾಂಬೆ ಒಂದು ಹೆಜ್ಜೆ ಹಿಂದೆ ಸರಿದಳು.

"ಅಕ್ಕಾ, ರೊಟ್ಟಿ ಇದೆಯಾ?"

ನೀಲಾಂಬೆ ಅಳುತ್ತಲೇ ನಕ್ಕಳು. ಅಂದಿನಿಂದ ರತ್ನಕೂಟದವರು ಸುಖವಾಗಿದ್ದರು. ಹುಲಿಯಾಗಿದ್ದು ಬಂದವರ ಮನೆಗಳಲ್ಲಿ ಮಾತ್ರ ದಿನಕ್ಕೆ ನಾಲ್ಕು ರೊಟ್ಟಿ ಹೆಚ್ಚೇ ಬೇಯುತ್ತಿದ್ದವು.