ಬೀಗ ಬದಲಾದ ಮನೆ

ಹನ್ನೊಂದನೇ ತಾರೀಖು ಬೆಳಿಗ್ಗೆ ಹತ್ತೂವರೆಗೆ ಠಾಣೆಗೆ ದೂರು ಬಂತು. ಕೊಟ್ಟವಳು ಹೈಸ್ಕೂಲಿನ ಗಣಿತದ ಟೀಚರ್. ಶಿಕ್ಷಕರಿಗೆಂದು ಸರ್ಕಾರ ಕೊಡುವ ನೆರವಿನಲ್ಲಿ ಅರ್ಧ ಬೆಲೆಗೆ ಮನೆ ಕೊಂಡಿದ್ದಳು. ಈ ದಿನ ಹೋಗಿ ನೋಡಿದರೆ ಬಾಗಿಲಿಗೆ ಬೇರೆ ಯಾರದೋ ಬೀಗ.

"ನಿನ್ನೆ ರಾತ್ರಿ ಎಲ್ಲಿದ್ರಿ?" ಇನ್‌ಸ್ಪೆಕ್ಟರಮ್ಮ ಕೇಳಿದಳು.

"ತಾಯಿ ಮನೇಲಿ."

"ಮೊನ್ನೆ?"

"ಅಲ್ಲೇ."

"ಹಾಗಾದ್ರೆ ಆ ಮನೇಲಿ ಇರೋದು ಯಾವಾಗ?"

ಟೀಚರ್ ಸೆರಗಿನ ಅಂಚು ಮಡಿಸತೊಡಗಿದಳು. ಇನ್‌ಸ್ಪೆಕ್ಟರಮ್ಮನಿಗೆ ತಲೆ ಚಿಟ್ಟು ಹಿಡಿಯಿತು. ದೂರು ಕೊಡುವವರೇ ಅರ್ಧ ಉಗುಳಿ ಅರ್ಧ ನುಂಗಿದರೆ ತನಿಖೆ ಮಾಡುವವರ ಗತಿಯೇನು? ಎಫ್‌ಐಆರ್ ದಾಖಲಿಸಿ, ಟೀಚರನ್ನೂ ಕರೆದುಕೊಂಡು, ಹೆಡ್ ಕಾನ್‌ಸ್ಟೇಬಲ್ ಮತ್ತು ಬೀಗ ರಿಪೇರಿಯವನ ಜತೆ ಹೊರಟಳು.

ಪಂಚನಾಮೆಗೆ ಸಾಕ್ಷಿಯಾಗಿ ಎದುರುಮನೆಯ ದರ್ಜಿಯನ್ನೂ ಅವನ ಹೆಂಡತಿಯನ್ನೂ ಕರೆದರು. ಹೆಂಡತಿ ಅನುಮಾನದಿಂದ ನೋಡಿದಳು. "ಟೀಚರ್ ಬರೋದು ಸಂಜೆ. ಅವರಿಲ್ಲದಾಗ ಬಾಗಿಲು ತೆಗೆಸ್ತಿದ್ದೀರಲ್ಲ, ಸರೀನಾ?" ಎಂದವಳು ದೂರುದಾರಳತ್ತ ಕೈ ಮಾಡಿ, "ಅಂದ ಹಾಗೆ ಇವರ್ಯಾರು?" ಎಂದಳು.

ಹೆಡ್ ಕಾನ್‌ಸ್ಟೇಬಲ್ ಕೆಮ್ಮಿ ನಗು ನುಂಗಿದ.

ಒಳಗೆ ನೆಲ ಗುಡಿಸಿ ಒರೆಸಿತ್ತು. ಒಂದು ಕುರ್ಚಿ, ಒಂದು ಚಾಪೆ, ಒಂದು ಒಲೆ, ಒಂದು ಲೋಟ. ಮಂಚವಿಲ್ಲ, ಬಟ್ಟೆಯಿಲ್ಲ. ಕಳುವಾಗುವುದಕ್ಕೆ ಅಲ್ಲಿ ಏನೂ ಇದ್ದೇ ಇರಲಿಲ್ಲ. ಕಂಡದ್ದನ್ನೆಲ್ಲ ಬರೆಸುತ್ತಿದ್ದಂತೆ ದೂರುದಾರಳ ಮುಖ ಬಿಳುಚಿತು. ಇನ್‌ಸ್ಪೆಕ್ಟರಮ್ಮನನ್ನು ಅಡುಗೆಮನೆಗೆ ಕರೆದೊಯ್ದು, ಕೊನೆಗೂ ನಿಜ ಹೇಳಿದಳು. ನೆರವು ಪಡೆದವರು ಮೂರು ವರ್ಷ ಆ ಮನೆಯಲ್ಲೇ ವಾಸವಿರಬೇಕು, ಇಲ್ಲವಾದರೆ ನೆರವು ವಾಪಸ್. ಅವಳೋ ಒಂದು ರಾತ್ರಿಯೂ ಮಲಗಿರಲಿಲ್ಲ. ಅವಧಿ ಮುಗಿಯಲಿ, ಬಾಡಿಗೆಗೆ ಕೊಡೋಣವೆಂದು ಬೀಗ ಹಾಕಿಟ್ಟಿದ್ದಳು.

"ದೂರು ವಾಪಸ್ ತಗೋತೀನಿ ಮೇಡಂ. ಏನೂ ಕಳುವಾಗಿಲ್ಲವಲ್ಲ."

"ಎಫ್‌ಐಆರ್ ಆಗಿದೆ. ಇನ್ನು ಕೋರ್ಟಲ್ಲಿ ಹೇಳ್ಕೊಳ್ಳಿ."

ಸಂಜೆ ನಾಲ್ಕೂಕಾಲಿಗೆ ಒಬ್ಬಳು ಬಂದಳು. ವಯಸ್ಸು ನಲವತ್ತೈದರ ಆಸುಪಾಸು, ಹೆಗಲಲ್ಲಿ ಭಾರದ ಚೀಲ. ತೆರೆದ ಬಾಗಿಲಲ್ಲಿ ಖಾಕಿ ಕಂಡರೂ ಓಡಲಿಲ್ಲ. ಚಪ್ಪಲಿ ಬಿಟ್ಟು ಒಳಗೆ ಬಂದಳು.

ದೂರುದಾರಳು ಒಂದು ಹೆಜ್ಜೆ ಮುಂದೆ ಬಂದಳು. "ಅಕ್ಕಾ, ನೀವಾ?"

ಅದೇ ಶಾಲೆಯ ವಿಜ್ಞಾನದ ಟೀಚರ್. ಸ್ಟಾಫ್ ರೂಮಿನಲ್ಲಿ ಪಕ್ಕದ ಕುರ್ಚಿಯವಳು.

"ಮನೆ ಖಾಲಿ ಬಿದ್ದಿದೆ ಅಂತ ನೀನೇ ಹೇಳಿದ್ದೆಯಲ್ಲಮ್ಮ," ಎಂದಳು ಅವಳು. "ಮೂರು ತಿಂಗಳು ತಡೆದೆ. ಆಮೇಲೆ ಆಗಲಿಲ್ಲ. ನಿನ್ನ ಬೀಗ ಒಡೆದು ನನ್ನದು ಹಾಕಿದೆ."

ವಿಚಾರಣೆಯಲ್ಲಿ ಏನನ್ನೂ ಮುಚ್ಚಿಡಲಿಲ್ಲ. ಅವಳೂ ಎರಡು ಸಲ ನೆರವಿಗೆ ಅರ್ಜಿ ಹಾಕಿದ್ದಳು. ಗಂಡನ ಹೆಸರಲ್ಲಿ ಮನೆಯಿದೆ, ನಿಮಗೆ ಮನೆಯಿಲ್ಲ ಅನ್ನೋಕಾಗಲ್ಲ ಎಂದು ಎರಡು ಸಲವೂ ಕಚೇರಿಯವರು ತಳ್ಳಿಹಾಕಿದ್ದರು. ಆ ಮನೆಯಲ್ಲಿ ಅತ್ತೆಗೊಂದು ಕೋಣೆ, ಮೈದುನನ ಸಂಸಾರಕ್ಕೊಂದು, ಗಂಡನ ವ್ಯಾಪಾರದ ಸರಕಿಗೊಂದು. ಗಂಡ ಹೆಂಡತಿ ಮಲಗುವುದು ನಡುಮನೆಯಲ್ಲಿ, ಎಲ್ಲರೂ ಟಿವಿ ನೋಡಿ ಎದ್ದ ಮೇಲೆ. ಉತ್ತರಪತ್ರಿಕೆ ತಿದ್ದುವುದು ಅಡುಗೆಕಟ್ಟೆಯ ಮೇಲೆ, ನಿಂತುಕೊಂಡು.

"ಇಲ್ಲಿ ದಿನಾ ಬಂದು ಏನು ಮಾಡ್ತಿದ್ರಿ?"

"ಒಳಗಿಂದ ಚಿಲಕ ಹಾಕ್ಕೊಂಡು ಕೂರ್ತಿದ್ದೆ."

"ಅಷ್ಟೇನಾ?"

"ಒಂದೊಂದು ದಿನ ಟೀ ಮಾಡ್ಕೋತಿದ್ದೆ."

ಇನ್‌ಸ್ಪೆಕ್ಟರಮ್ಮ ತಿರುಗಿ ಬಾಗಿಲ ಚಿಲಕ ನೋಡಿದಳು. ಇಪ್ಪತ್ತು ವರ್ಷದ ಸಂಸಾರದಲ್ಲಿ ತಾನು ಒಳಗಿನಿಂದ ಚಿಲಕ ಹಾಕಿಕೊಳ್ಳುವ ಬಾಗಿಲು ಬಚ್ಚಲಿನದೊಂದೇ. ಅಲ್ಲೂ ಯಾರಾದರೂ ತಟ್ಟುತ್ತಾರೆ.

"ಕೆಲಸ ಹೋಗುತ್ತಾ ಮೇಡಂ?"

"ಸಸ್ಪೆಂಡ್ ಅಂತೂ ಮಾಡ್ತಾರೆ."

ಅವಳು ತಲೆಯಾಡಿಸಿ, ಲೋಟ ತೊಳೆದು ಬೋರಲು ಹಾಕಿ ಬಂದಳು. ಐದು ಗಂಟೆ ಹತ್ತು ನಿಮಿಷಕ್ಕೆ ಬಂಧನವಾಯಿತು.

ಠಾಣೆಯಲ್ಲಿ ವರದಿ ಬರೆಯುತ್ತಿದ್ದ ಹೆಡ್ ಕಾನ್‌ಸ್ಟೇಬಲ್ ಪೆನ್ನು ಎತ್ತಿ ಹಿಡಿದ. "ಅತಿಕ್ರಮ ಪ್ರವೇಶದ ಉದ್ದೇಶ ಏನಂತ ಬರೀಲಿ ಮೇಡಂ? ಕಳ್ಳತನ ಅನ್ನೋಕಾಗಲ್ಲ."

"ವಾಸ ಅಂತ ಬರಿ."

"ಅದು ಅಪರಾಧದ ಉದ್ದೇಶ ಆಗಲ್ವಲ್ಲ. ಕೋರ್ಟಲ್ಲಿ ಕೇಸು ನಿಲ್ಲಲ್ಲ."

"ಗೊತ್ತು ಕಣಯ್ಯಾ," ಎಂದಳು ಇನ್‌ಸ್ಪೆಕ್ಟರಮ್ಮ. "ಬರಿ."