ಹಸಿರು ಸೈಕಲ್ಲಿನ ಒಡಕು ಬೆಲ್ಲು

ಬೀಗ ಮುರಿದಿರಲಿಲ್ಲ. ಬಾಗಿಲು ಸರಿಯಾಗಿತ್ತು. ಒಳಗೆ ಹಳೆ ಸೈಕಲ್ಲುಗಳ ಸಾಲೂ ಇತ್ತು. ಹಸಿರು ಸೈಕಲ್ಲು ಮಾತ್ರ ಇರಲಿಲ್ಲ.

“ನಿನ್ನೆ ಸಂಜೆ ದುಡ್ಡು ಪೂರ್ತಿ ಕೊಟ್ಟಿದ್ದೆ ಮೇಡಂ,” ಎಂದಳು ನರ್ಸ್. “ಸೀಟು ಇಳಿಸಿ, ಎಣ್ಣೆ ಹಾಕಿ ಇಡ್ತೀನಿ, ಬೆಳಿಗ್ಗೆ ಬನ್ನಿ ಅಂದ್ರು. ಬಂದ್ರೆ ಹೀಗೆ.”

ಅಷ್ಟರಲ್ಲಿ ಸಬ್ ಇನ್ಸ್‌ಪೆಕ್ಟರ್ ಅಂಗಡಿಯನ್ನು ಎರಡು ಸುತ್ತು ಹಾಕಿಯಾಗಿತ್ತು. ಕುರ್ಚಿ ಕೊಟ್ಟರೂ ಕೂರುವವಳಲ್ಲ. ಠಾಣೆಯಲ್ಲಿ ಅವಳಿಗೆ ‘ಚಕ್ರ ಮೇಡಂ’ ಎಂದೇ ಹೆಸರು. ಎದುರಿಗೆ ಯಾರೂ ಅನ್ನುವುದಿಲ್ಲ, ಅಷ್ಟೆ.

“ಇಷ್ಟು ಸೈಕಲ್ಲಿದ್ದಾವೆ. ಅದೇ ಯಾಕೆ?”

“ಗೇರಿಂದು ನನ್ನ ಕೈಗೆ ಎಟುಕಲ್ಲ. ಚಿಕ್ಕ ಚಕ್ರದ್ದು ಹಳ್ಳಕ್ಕೆ ಬಿದ್ರೆ ಅಲ್ಲೇ ಕೂರುತ್ತೆ. ಇದು ಅಗ್ಗ, ಭಾರ, ಆದ್ರೆ ಗಟ್ಟಿ. ಎಲ್ಲಾನೂ ಓಡಿಸಿ ನೋಡೇ ಆರಿಸಿದ್ದು.” ನರ್ಸ್ ಬ್ಯಾಗಿನ ಜಿಪ್ಪನ್ನು ಎಳೆದಳು, ಮುಚ್ಚಿದಳು, ಮತ್ತೆ ಎಳೆದಳು. “ನಾಳೆಯಿಂದ ಮನೆಮನೆಗೆ ಹೋಗಿ ರೋಗಿಗಳನ್ನ ನೋಡೋ ಕೆಲಸ. ಸೈಕಲ್ ಇದ್ರೆ ಬನ್ನಿ, ಇಲ್ದಿದ್ರೆ ಬೇರೆಯವರಿದ್ದಾರೆ ಅಂದಿದ್ದಾರೆ. ಎಷ್ಟು ಅಲೆದ ಮೇಲೆ ಸಿಕ್ಕಿದ ಕೆಲಸ ಗೊತ್ತಾ?”

ಅಂಗಡಿಯ ಸಾಹುಕಾರ ಕೈಯಲ್ಲಿ ಗಾಳಿ ಹೊಡೆಯುವ ಪಂಪು ಹಿಡಿದು ನಿಂತಿದ್ದ. ಎಂಜಲು ಕೈಯಲ್ಲಿ ಕಾಗೆ ಓಡಿಸದ ಆಸಾಮಿ. ಹಳೆ ನಟ್ಟನ್ನೂ ಎಣ್ಣೆಯಲ್ಲಿ ನೆನೆಸಿ ಎತ್ತಿಡುವವನು.

“ಪೊಲೀಸ್ ಎಲ್ಲಾ ಯಾಕಮ್ಮ? ನಿಮ್ಮ ದುಡ್ಡು ತಗೊಳ್ಳಿ, ಮುಗೀತು,” ಎಂದು, ಅವಳು ಕೇಳುವ ಮೊದಲೇ ನೋಟುಗಳನ್ನು ಚಾಚಿದ.

“ಆ ಪಂಪು ಯಾಕೆ ಕೈಲಿ?”

“ಮನೆಯಿಂದ ತಂದೆ ಮೇಡಂ. ಸಂಜೆ ಬಾಗಿಲು ಹಾಕೋವಾಗ ಎಲ್ಲಾ ಚಕ್ರದ ಗಾಳಿ ಬಿಡ್ತೀನಿ, ಪಂಪು ಮನೆಗೆ ಒಯ್ತೀನಿ. ಕಳ್ಳ ಬಂದ್ರೂ ಹತ್ತಿ ಹೋಗೋಕಾಗಬಾರ್ದು ನೋಡಿ! ಇನ್ನೊಂದು ಕೀ ನಮ್ಮ ಮೆಕ್ಯಾನಿಕ್ ಹತ್ರ ಇದೆ. ಇವತ್ತು ಅವನು ಬಂದೇ ಇಲ್ಲ. ನಾನೇನೂ ಹೇಳಲ್ಲಪ್ಪ.”

“ಹೇಳಿದ್ದಾಯ್ತಲ್ಲ,” ಎಂದಳು ಚಕ್ರ ಮೇಡಂ.

ಹೊರಗೆ ಚರಂಡಿ ಕೆಲಸಕ್ಕೆ ಸುರಿದ ಮರಳು ಬಾಗಿಲಿನ ಉದ್ದಕ್ಕೂ ಹರಡಿತ್ತು. ಅದರ ಮೇಲೆ ಚಪ್ಪಲಿಗಳ ಗುರುತು ಬೇಕಾದಷ್ಟಿದ್ದವು. ಟೈರಿನ ಗುರುತು ಒಂದೂ ಇರಲಿಲ್ಲ.

*

ಮೆಕ್ಯಾನಿಕ್ ಅಕ್ಕನ ಮನೆಯ ನೀರಿನ ಟ್ಯಾಂಕ್ ತೊಳೆಯುತ್ತಿದ್ದ. ತಲೆ ನರೆತವನು. ಖಾಕಿ ಕಂಡು ಬ್ರಷ್ ಕೈಜಾರಿತು.

“ಅಂಗಡಿಯ ಹಸಿರು ಸೈಕಲ್ ಕಾಣ್ತಿಲ್ಲ. ಇವತ್ತು ಯಾಕೆ ಕೆಲಸಕ್ಕೆ ಹೋಗಿಲ್ಲ?”

“ಇವತ್ತು ರಜೆ ಅಂತ ಸಾಹುಕಾರರಿಗೆ ಹೇಳೇ ಬಂದೆ. ಕೀ ಇಲ್ಲೇ ಇದೆ ನೋಡಿ.” ಕೀ ಎತ್ತಿ ತೋರಿಸಿದ. “ಅವರು ನನ್ನ ಮೇಲೆ ಅನುಮಾನ ಅಂದ್ರಾ?”

ಅಕ್ಕ ಸೊಂಟಕ್ಕೆ ಕೈಯಿಟ್ಟು ಮುಂದೆ ಬಂದಳು. “ನನ್ನ ತಮ್ಮ ರಾತ್ರಿಯೆಲ್ಲಾ ಇಲ್ಲೇ ಗೊರಕೆ ಹೊಡೀತಿದ್ದ. ಕದಿಯೋನಾಗಿದ್ರೆ ಅಷ್ಟು ಸೈಕಲ್ ಬಿಟ್ಟು ಆ ಕಬ್ಬಿಣದ ರಾಶೀನ ಹೊತ್ಕೊಂಡು ಬರ್ತಿದ್ನಾ? ಅಷ್ಟೂ ಬುದ್ಧಿ ಇಲ್ವಾ ಅವನಿಗೆ?”

ಚಕ್ರ ಮೇಡಂ ಆ ದಿನ ಮೊದಲ ಬಾರಿಗೆ ನಿಂತಲ್ಲೇ ನಿಂತಳು. ಆಮೇಲೆ ಜೀಪಿನ ಕಡೆ ಓಡಿದಳು.

“ನೀವೂ ಹತ್ತಿ. ಅಂಗಡಿಗೆ ಹೋಗೋಣ,” ಎಂದಳು ಮೆಕ್ಯಾನಿಕ್‌ಗೆ.

*

“ಕೇಸ್ ಆಮೇಲೆ ನೋಡೋಣ. ಮೊದಲು ನೀವೊಂದು ಸೈಕಲ್ ಆರಿಸಿ,” ಎಂದಳು ಚಕ್ರ ಮೇಡಂ, ಅಂಗಡಿಯಲ್ಲೇ ಕಾದಿದ್ದ ನರ್ಸ್‌ಗೆ.

ನರ್ಸ್ ಮನಸ್ಸಿಲ್ಲದ ಮನಸ್ಸಿನಿಂದ ಸಾಲಿಗೆ ಇಳಿದಳು. ಒಂದನ್ನು ಎತ್ತಿ ಭಾರ ನೋಡಿದಳು. ಇನ್ನೊಂದರ ಬ್ರೇಕು ಒತ್ತಿದಳು. ಕೆಂಪು ಸೈಕಲ್ಲಿನ ಹ್ಯಾಂಡಲ್ಲಿಗೆ ಕೈ ಹಾಕಿದಳು.

“ಅದು ಬೇಡಮ್ಮ!” ಸಾಹುಕಾರ ಅಡ್ಡ ಬಂದ.

ಅಷ್ಟರಲ್ಲಿ ಅವಳ ಹೆಬ್ಬೆರಳು ಬೆಲ್ಲು ಒತ್ತಿಯಾಗಿತ್ತು. ಟಿಣ್ ಎನ್ನಬೇಕಾದದ್ದು ಕೊರ್ ಎಂದಿತು.

“ಇದು ನನ್ನ ಬೆಲ್ಲು! ಮುಚ್ಚಳ ನೆಗ್ಗಿರೋದು ನೋಡಿ. ನಿನ್ನೆ ಈ ಕೆಂಪಿಗೆ ಬೆಲ್ಲೇ ಇರ್ಲಿಲ್ಲ!”

ಚಕ್ರ ಮೇಡಂ ಆಗಲೇ ಮೂಲೆಯ ಗುಜರಿ ಡ್ರಮ್ಮಿಗೆ ಕೈ ಹಾಕಿದ್ದಳು. ತಳದಿಂದ ಹಸಿರು ಬಣ್ಣದ ಫೋರ್ಕು ಮೇಲೆ ಬಂತು, ಮುಂದಿನ ಚಕ್ರವನ್ನು ಹಿಡಿಯುವ ಕವಲು. ಮೆಕ್ಯಾನಿಕ್ ಅದನ್ನು ಇಸಿದುಕೊಂಡು ಹೆಬ್ಬೆರಳಲ್ಲಿ ಸವರಿದ. ಬುಡದಲ್ಲಿ ಸೀಳು ಬಿಟ್ಟಿತ್ತು.

“ಇದರಲ್ಲಿ ಆಸ್ಪತ್ರೆ ಇಳಿಜಾರು ಇಳಿದಿದ್ರೆ...” ಎಂದು ಅಲ್ಲಿಗೇ ನಿಲ್ಲಿಸಿದ. ಬ್ಯಾಗಿನ ಜಿಪ್ಪಿಗೆ ಹೋಗಿದ್ದ ನರ್ಸ್ ಕೈ ಹಾಗೇ ನಿಂತಿತು.

“ಗಾಳಿಯಿಲ್ಲದ ಸೈಕಲ್ ಹತ್ತೋಕಾಗಲ್ಲ. ತಳ್ಳಿದ್ರೆ ಮರಳಲ್ಲಿ ಗುರುತು ಬೀಳುತ್ತೆ,” ಎಂದಳು ಚಕ್ರ ಮೇಡಂ. “ಹೊತ್ಕೊಂಡು ಹೋಗೋ ಕಳ್ಳ ಹಗುರದ್ದು, ಬೆಲೆ ಬಾಳೋದು ಹೊರ್ತಾನೆ. ಅಗ್ಗದ್ದು, ಎಲ್ಲಕ್ಕಿಂತ ಭಾರದ್ದು ಯಾಕೆ ಹೊರ್ತಾನೆ? ಅಂದ್ರೆ ಅದು ಈ ಬಾಗಿಲು ದಾಟೇ ಇಲ್ಲ. ಇನ್ನು ನೀವು, ಒಂದು ರೂಪಾಯಿ ಬಿಡದವರು, ಕೇಳದೇ ದುಡ್ಡು ವಾಪಸ್ ಕೊಟ್ರಿ. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಹಾಗಾಯ್ತು. ಬಿಚ್ಚಿ ಬಚ್ಚಿಟ್ಟಿದ್ದು ಸರಿ, ಬೆಲ್ಲು ಯಾಕೆ ಬಿಸಾಡ್ಲಿಲ್ಲ?”

ಸಾಹುಕಾರ ಕುಸಿದು ಕೂತ. “ಕೆಲಸ ಮಾಡೋ ಬೆಲ್ಲು ಮೇಡಂ. ಹೇಗೆ ಬಿಸಾಡೋದು?” ಮುಖ ಒರೆಸಿಕೊಂಡ. “ನಿನ್ನೆ ಗಾಳಿ ಬಿಡೋವಾಗ ಸೀಳು ಕೈಗೆ ಸಿಕ್ತು. ಕೊಳ್ಳೋವಾಗ ನಾನೇ ನೋಡಿರ್ಲಿಲ್ಲ. ಈಯಮ್ಮ ಬಿದ್ರೆ ಅಂತ ಜೀವ ಬಾಯಿಗೆ ಬಂತು. ಬಿಚ್ಚಿ ಗುಜರಿ ಜೊತೆ ಸೇರಿಸ್ದೆ. ಆದ್ರೆ ಹೇಳೋದು ಹೇಗೆ?” ಅವನ ಕಣ್ಣು ಬಾಗಿಲ ಮೇಲಿನ ಬೋರ್ಡಿಗೆ ಹೋಯಿತು: ‘ನಮ್ಮ ಸೈಕಲ್ಲಿಂದ ಇದುವರೆಗೆ ಯಾರೂ ಬಿದ್ದಿಲ್ಲ.’

ನರ್ಸ್‌ಗೆ ಸಿಟ್ಟು ನೆತ್ತಿಗೇರಿತು. “ಸೀಳಿದೆ ಅಂದಿದ್ರೆ ಕೈ ಮುಗೀತಿದ್ದೆ ಸ್ವಾಮಿ! ಬೇರೆ ಸೈಕಲ್ ತಗೊಂಡು ಹೋಗ್ತಿದ್ದೆ. ಇವರನ್ನ ಯಾಕೆ ಕಳ್ಳ ಮಾಡಿದ್ರಿ?”

ಮೆಕ್ಯಾನಿಕ್ ಕೀಯನ್ನು ಮೇಜಿನ ಮೇಲಿಟ್ಟ.

“ರಜೆ ಹೇಳಿ ಹೋಗಿದ್ದೆ ಸಾಹುಕಾರ್ರೇ. ನಿಮಗೆ ಗೊತ್ತಿತ್ತು.”

ಸಾಹುಕಾರ ತಲೆ ಎತ್ತಲಿಲ್ಲ. ಕೆಂಪು ಸೈಕಲ್ಲನ್ನು ಹಸಿರಿನ ಬೆಲೆಗೇ ಕೊಡುತ್ತೇನೆ ಎಂದ, ಎಂದೂ ಆಡದ ಮಾತು. “ಗ್ಯಾರಂಟಿ ನಂದು,” ಎಂದೂ ಸೇರಿಸಿದ.

“ನಿಮ್ಮ ಗ್ಯಾರಂಟಿ ಬೇಡ,” ಎಂದು ನರ್ಸ್ ಮೆಕ್ಯಾನಿಕ್ ಕಡೆ ತಿರುಗಿದಳು. “ಅಣ್ಣಾ, ನೀವೊಂದ್ಸಲ ನೋಡಿ ಹೇಳಿ. ನೀವು ಹೂಂ ಅಂದ್ರೆ ಹತ್ತುತೀನಿ.”

ಹೊರಟಿದ್ದವನು ನಿಂತ. ಮರಳಿನ ಮೇಲೆಯೇ ಮಂಡಿಯೂರಿ ಫೋರ್ಕು, ಸರಪಳಿ, ಬ್ರೇಕು ಎಲ್ಲವನ್ನೂ ಮುಟ್ಟಿ ನೋಡಿದ. ಸೀಟು ಇಳಿಸಿದ. ಗಾಳಿ ಹೊಡೆದ. ಕೊನೆಗೆ ಹೂಂ ಎಂದ.

ನರ್ಸ್ ಹತ್ತಿ ಇಳಿಜಾರಿನ ಕಡೆ ಹೊರಟಳು. ಮರಳಿನಲ್ಲಿ ಟೈರಿನ ಗುರುತು ಉದ್ದಕ್ಕೆ ಮೂಡಿತು. ತಿರುವಿನಲ್ಲಿ ಬೆಲ್ಲು ಕೊರ್ ಎಂದಾಗ ಮೆಕ್ಯಾನಿಕ್ ಆ ಕಡೆ ನೋಡಿ ನಕ್ಕ. ಆಮೇಲೆ ಅಂಗಡಿಯ ಕಡೆ ನೋಡದೆ ನಡೆದ. ಅವನ ಕೀ ಮೇಜಿನ ಮೇಲೆ ಹಾಗೇ ಇತ್ತು.